ಟ್ರೇಸ್ ಮಾಡಿದರೆ ಸೊನ್ನೆಯೇ, ಮೇಷ್ಟ್ರೇ?

ಶಿವಮೊಗ್ಗದಿಂದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಸಾರ ಇಷ್ಟು: "ಕಾರ್ಟೂನ್ ಸಿನಿಮಾ ಶುರುವಾದದ್ದೇ ಮಿಕ್ಕಿ ಮೌಸ್‌ನಿಂದ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮೊಮ್ಮಗ ಬೆಂಗಳೂರಿನಲ್ಲಿ ರೋಟೋ ಅನ್ನೋ ಕೆಲಸ ಮಾಡುತ್ತಾನೆ. ದಿನವಿಡೀ ಸಿನಿಮಾ ನಟರ ಅಂಚಿನ ಮೇಲೆ ಗೆರೆ ಎಳೆಯುವುದು. ಇದೂ ಒಂದು ಕೆಲಸವೇನೋ ಅಂದೆ. ಮಿಕ್ಕಿಗಿಂತ ಮುಂಚೆ ಒಬ್ಬ ಜೋಕರ್ ಇದ್ದ, ನಮ್ಮ ಕೆಲಸ ಅವನಿಂದಲೇ ಶುರುವಾಯ್ತು ತಾತ ಅಂದ. ಯಾರು ಆ ಜೋಕರ್? ಕಿಟಕಿ ಗಾಜಿಗೆ ಭೂಪಟ ಒತ್ತಿ ಹಿಡಿದು ಟ್ರೇಸ್ ಮಾಡುವ ಹುಡುಗರಿಗೆ ನಾನು ಸೊನ್ನೆ ಹಾಕುತ್ತಿದ್ದೆ. ಈಗ ಅದಕ್ಕೇ ಸಂಬಳ ಕೊಡುತ್ತಾರೆಯೆ?"

ಮೇಷ್ಟ್ರೇ, ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಆ ಸಾಲು ಬರೆದವನು ನಾನೇ. ಪುಟ ಪ್ರೆಸ್ಸಿಗೆ ಹೋಗುವ ಹೊತ್ತು, ಒಂದು ಸಾಲು ಕಮ್ಮಿ ಬಿದ್ದಿತ್ತು, ಬಾಯಿಗೆ ಬಂದದ್ದನ್ನು ತುಂಬಿಸಿದೆ. ಮಿಕ್ಕಿ ತೆರೆಗೆ ಬಂದದ್ದು 1928ರ ನವೆಂಬರ್ 18ರಂದು. ಆ ಹೊತ್ತಿಗೆ ನಿಮ್ಮ ಮೊಮ್ಮಗ ಹೇಳಿದ ಜೋಕರ್ ತೆರೆ ಮೇಲೆ ಕುಣಿಯಲು ಶುರುಮಾಡಿ ಹತ್ತು ವರ್ಷ ಆಗಿತ್ತು. ಹುಡುಗ ಹೇಳಿದ್ದು ಸರಿ.

ಅವನ ಹೆಸರು ಕೊಕೊ. ಕಪ್ಪು ದೊಗಲೆ ಅಂಗಿ, ಅದಕ್ಕೆ ದೊಡ್ಡ ದೊಡ್ಡ ಬಿಳಿ ಗುಂಡಿ, ತಲೆ ಮೇಲೆ ಚೂಪು ಟೋಪಿ. ಅವನನ್ನು ಹುಟ್ಟಿಸಿದ್ದು ನ್ಯೂಯಾರ್ಕಿನ ಮ್ಯಾಕ್ಸ್ ಫ್ಲೈಶರ್. ಈತ ಒಂದು ವಿಜ್ಞಾನ ಮಾಸಪತ್ರಿಕೆಯ ಕಲಾ ಸಂಪಾದಕನಾಗಿದ್ದ. ಅಂದರೆ ನಮ್ಮ ಜಾತಿಯವನೇ! ಆಗಿನ ಕಾರ್ಟೂನುಗಳಲ್ಲಿ ಮನುಷ್ಯರು ಜರ್ಕ್ ಹೊಡೆಯುತ್ತಾ ನಡೆಯುತ್ತಿದ್ದರು. ಕೈ ಎತ್ತಿದರೆ ಕೀಲುಬೊಂಬೆ ಎತ್ತಿದ ಹಾಗೆ. ನಿಜವಾದ ಮನುಷ್ಯ ಹೇಗೆ ನಡೆಯುತ್ತಾನೋ ಹಾಗೇ ಚಿತ್ರವೂ ನಡೆಯಬೇಕು ಅಂದರೆ ಏನು ಮಾಡಬೇಕು? ಮ್ಯಾಕ್ಸ್ ಕಂಡುಕೊಂಡ ಉಪಾಯ ಕೇಳಿದರೆ ನೀವು ಕೋಲು ತಗೊಂಡು ಏಳುತ್ತೀರಿ. ನಿಮ್ಮ ಹುಡುಗರ ಕಿಟಕಿ ಗಾಜೇ ಅದು.

ಒಂದು ಮೇಜು, ಮೇಜಿಗೆ ಒಂದು ಗಾಜು. ಗಾಜಿನ ಹಿಂದಿನಿಂದ ಪ್ರೊಜೆಕ್ಟರ್ ಸಿನಿಮಾ ರೀಲಿನ ಒಂದೇ ಒಂದು ಚಿತ್ರವನ್ನು ಗಾಜಿನ ಮೇಲೆ ಬಿಡುತ್ತದೆ. ಮುಂದಿನಿಂದ ಗಾಜಿಗೆ ಕಾಗದ ಇಟ್ಟು ಗೆರೆ ಎಳೆಯುವುದು. ಆಯಿತೇ? ರೀಲನ್ನು ಒಂದು ಚಿತ್ರದಷ್ಟು ಮುಂದೆ ಸರಿಸು, ಇನ್ನೊಂದು ಕಾಗದ ಇಡು. ಇದಕ್ಕೆ ರೋಟೋಸ್ಕೋಪ್ ಎಂದು ಹೆಸರು. 1915ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1917ರಲ್ಲಿ ಸಿಕ್ಕಿತು. ನಿಮ್ಮ ಮೊಮ್ಮಗನ 'ರೋಟೋ' ಇದರ ಗಿಡ್ಡ ರೂಪ.

ರೀಲಿನಲ್ಲಿ ಇದ್ದವನು ಯಾರು ಗೊತ್ತೇ? ಮ್ಯಾಕ್ಸನ ತಮ್ಮ ಡೇವ್. ಅಣ್ಣನಿಗಿಂತ ಹನ್ನೊಂದು ವರ್ಷ ಚಿಕ್ಕವನು. ಕೋನಿ ಐಲೆಂಡಿನ ಜಾತ್ರೆಯಂಥ ಜಾಗದಲ್ಲಿ ಜೋಕರ್ ಕೆಲಸ ಮಾಡಿದ್ದ. ಅವನಿಗೆ ಜೋಕರ್ ಅಂಗಿ ತೊಡಿಸಿ, ಮಹಡಿ ಮೇಲೆ ಕುಣಿಸಿ ಸಿನಿಮಾ ತೆಗೆದರು. ಕುಣಿದದ್ದು ಕೆಲವೇ ನಿಮಿಷ. ಅದನ್ನು ಗೆರೆಗೆ ಇಳಿಸಲು ಸುಮಾರು ಒಂದು ವರ್ಷ ಬೇಕಾಯಿತು. ಹಗಲು ಪತ್ರಿಕೆ ಕೆಲಸ, ರಾತ್ರಿ ಮನೆಯಲ್ಲಿ ಇದು. ಆಗಿನ ಮೂಕಿ ಚಿತ್ರದಲ್ಲಿ ಸೆಕೆಂಡಿಗೆ 16 ಚಿತ್ರ ಅಂತಿಟ್ಟುಕೊಂಡರೂ ಒಂದು ನಿಮಿಷಕ್ಕೆ 960 ಹಾಳೆ. ಭೂಪಟ ಟ್ರೇಸ್ ಮಾಡಿದ ಯಾವ ಹುಡುಗನೂ ಇಷ್ಟು ಕಷ್ಟಪಟ್ಟಿರಲಿಕ್ಕಿಲ್ಲ ಅಲ್ವಾ?

1918ರಿಂದ ಈ ಜೋಕರ್‌ನ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ಶುರುವಾಗುವ ರೀತಿಯೇ ಚೆಂದ. ಮ್ಯಾಕ್ಸ್ ತಾನೇ ಮೇಜಿನ ಮುಂದೆ ಕೂತಿರುತ್ತಾನೆ, ನಿಜವಾದ ಮನುಷ್ಯ, ಸೂಟು ಬೂಟು. ಪೆನ್ನನ್ನು ಮಸಿಕುಡಿಕೆಯಲ್ಲಿ ಅದ್ದುತ್ತಾನೆ. ಹಾಳೆಯ ಮೇಲೆ ಬಿದ್ದ ಮಸಿ ಮೈಮುರಿದುಕೊಂಡು ಎದ್ದು ಜೋಕರ್ ಆಗುತ್ತದೆ. ಆಮೇಲೆ ಬರೆದವನಿಗೂ ಬರೆಸಿಕೊಂಡವನಿಗೂ ಜಗಳ. ಜೋಕರ್ ಹಾಳೆಯಿಂದ ಇಳಿದು ಮೇಜಿನ ಮೇಲೆಲ್ಲ ಓಡಾಡಿ ದಾಂಧಲೆ ಮಾಡುತ್ತಾನೆ. ಕೊನೆಗೆ ಮತ್ತೆ ಮಸಿಕುಡಿಕೆಯೊಳಗೆ ಧುಮುಕುತ್ತಾನೆ, ಮ್ಯಾಕ್ಸ್ ಬಿರಡೆ ಹಾಕುತ್ತಾನೆ. ಮನುಷ್ಯರನ್ನೂ ಗೆರೆಚಿತ್ರವನ್ನೂ ಒಂದೇ ಚೌಕಟ್ಟಿನಲ್ಲಿ ಜಗಳಕ್ಕೆ ಬಿಡುವ ಆಟವನ್ನು ಇವರು ನೂರು ವರ್ಷದ ಹಿಂದೆಯೇ ಇಷ್ಟು ಸಲೀಸಾಗಿ ಆಡಿದ್ದಾರೆ.

ಇಲ್ಲಿ ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ಮೊದಮೊದಲ ಚಿತ್ರಗಳಲ್ಲಿ ಜೋಕರ್ ತೀರಾ ನುಣುಪಾಗಿ ಚಲಿಸುತ್ತಾನೆ. ನೋಡಿದರೆ ಬೆರಗಾಗುತ್ತದೆ, ಆದರೆ ನಗು ಬರುವುದಿಲ್ಲ. ದೇಹ ಇದೆ, ಸ್ವಭಾವ ಇಲ್ಲ. ಬರೀ ಟ್ರೇಸಿಂಗ್‌ನ ತೊಂದರೆಯೇ ಅದು. 1923ರಲ್ಲಿ ಡಿಕ್ ಹ್ಯೂಮರ್ ಎಂಬ ಕಲಾವಿದ ಬಂದ. ಜೋಕರ್‌ನ ಆಕಾರವನ್ನು ತಿದ್ದಿದ, ರೋಟೋಸ್ಕೋಪ್ ಮೇಲಿನ ಅವಲಂಬನೆ ಕಮ್ಮಿ ಮಾಡಿದ. ಕೊಕೊ ಅನ್ನುವ ಹೆಸರು ಅಂಟಿಕೊಂಡದ್ದೂ ಆ ಹೊತ್ತಿಗೇ. ಅಲ್ಲಿಯವರೆಗೆ ಅವನು ಸುಮ್ನೆ 'ಜೋಕರ್'. ಜೊತೆಗೆ ಫಿಟ್ಜ್ ಎಂಬ ನಾಯಿಯೂ ಬಂತು. ನನ್ನ ಕೇಳಿದರೆ ಕೊಕೊ ನಿಜವಾಗಿ ಹುಟ್ಟಿದ್ದು ಆಗಲೇ.

1928ರ ಒಂದು ಚಿತ್ರದಲ್ಲಿ ಕೊಕೊ ಮತ್ತು ಫಿಟ್ಜ್ ಭೂಮಿಯನ್ನು ನಡೆಸುವ ಕೋಣೆಗೆ ಹೋಗುತ್ತಾರೆ. ಅಲ್ಲಿ ಎಷ್ಟೋ ಹಿಡಿಕೆಗಳು. ಒಂದರ ಮೇಲೆ, ಇದನ್ನು ಎಳೆದರೆ ಪ್ರಪಂಚ ಮುಗಿಯಿತು ಎಂಬ ಬೋರ್ಡು. ನಾಯಿಗೆ ತಡೆಯಲಾಗುವುದಿಲ್ಲ. ಎಳೆದೇಬಿಡುತ್ತದೆ. ಆಗ ಚಿತ್ರದ ಪ್ರಪಂಚ ಮಾತ್ರ ಅಲ್ಲ, ನಿಜವಾದ ನ್ಯೂಯಾರ್ಕಿನ ಬೀದಿಗಳೂ ಓಲಾಡತೊಡಗುತ್ತವೆ. ಕ್ಯಾಮೆರಾ ವಾಲಿಸಿ ತೆಗೆದದ್ದು, ಅಷ್ಟೇ. ಆದರೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಹಾಗಾದರೆ ಮೊದಲಿಗ ಕೊಕೊನೇ? ಅಲ್ಲ. ನಾನು ಇನ್ನೊಂದು ತಪ್ಪು ಸಾಲು ಬರೆಯುವುದಿಲ್ಲ. ವಿನ್ಸರ್ ಮೆಕ್ಕೇ ಬರೆದ ಗರ್ಟಿ ಎಂಬ ಡೈನೋಸಾರ್ 1914ರದ್ದು. ಬ್ರೇ ಸ್ಟುಡಿಯೋದ ಕಾರ್ಟೂನುಗಳಲ್ಲಿ ಒಬ್ಬ ಸುಳ್ಳುಬುರುಕ ಕರ್ನಲ್ 1913ರಿಂದಲೇ ಇದ್ದ. ಕೊಕೊ ಅವರ ತಮ್ಮನ ಸಾಲಿನವನು.

ಇಷ್ಟೆಲ್ಲ ಇದ್ದೂ ಅವನನ್ನು ಯಾಕೆ ಮರೆತರು? ಒಂದು ಕಾರಣ ಸದ್ದು. ಫ್ಲೈಶರ್ ಅಣ್ಣತಮ್ಮಂದಿರು ಸದ್ದಿಗೆ ಹೆದರಿದವರಲ್ಲ. ಮಿಕ್ಕಿಗಿಂತ ಮುಂಚೆಯೇ ಸದ್ದಿನ ಹಾಡುಚಿತ್ರ ಮಾಡಿದ್ದರು. ತೆರೆ ಮೇಲೆ ಹಾಡಿನ ಸಾಲು, ಅದರ ಮೇಲೆ ಒಂದು ಚೆಂಡು ಪದದಿಂದ ಪದಕ್ಕೆ ಜಿಗಿಯುತ್ತದೆ, ಟಾಕೀಸಿನ ಜನ ಜೊತೆಗೆ ಹಾಡಬೇಕು. ಆದರೆ ಜನರ ತಲೆಯಲ್ಲಿ ಉಳಿದದ್ದು ಮಿಕ್ಕಿಯ ಶಿಳ್ಳೆ. 1929ಕ್ಕೆ ಕೊಕೊನ ಮೂಕಿ ಸರಣಿ ನಿಂತಿತು. ಇನ್ನೊಂದು ಕಾರಣ ಬೆಟ್ಟಿ ಬೂಪ್. ಅದೇ ಸ್ಟುಡಿಯೋದಲ್ಲಿ 1930ರಲ್ಲಿ ಆ ಗುಂಗುರು ಕೂದಲ ಹುಡುಗಿ ಬಂದಳು. 1931ರಲ್ಲಿ ಕೊಕೊ ಮರಳಿ ಬಂದಾಗ ಅವನಿಗೆ ಸಿಕ್ಕಿದ್ದು ಅವಳ ಹಿಂದೆ ನಿಲ್ಲುವ ಪಾತ್ರ. ನಾಯಕನಾಗಿದ್ದವನು ನಾಯಕಿಯ ಅಣ್ಣನ ಪಾರ್ಟಿಗೆ ಬಂದ ಹಾಗೆ.

ಆದರೂ 1933ರಲ್ಲಿ ಒಂದು ಸಲ ಎಲ್ಲರನ್ನೂ ಮೀರಿಸಿಬಿಟ್ಟ. ಬೆಟ್ಟಿಯ 'ಸ್ನೋ ವೈಟ್' ಚಿತ್ರದಲ್ಲಿ ಮಾಟದ ಕನ್ನಡಿಯಿಂದಾಗಿ ಕೊಕೊ ಉದ್ದ ಕಾಲಿನ ಬಿಳಿ ದೆವ್ವ ಆಗುತ್ತಾನೆ. ಗುಹೆಯೊಳಗೆ ಸಾವಿನ ಹಾಡು ಹಾಡುತ್ತಾ ಜಾರುತ್ತಾ ನಡೆಯುತ್ತಾನೆ. ದನಿ ಕ್ಯಾಬ್ ಕ್ಯಾಲೊವೇ ಎಂಬ ಜಾಜ್ ಗಾಯಕನದ್ದು. ನಡಿಗೆಯೂ ಅವನದ್ದೇ, ರೋಟೋಸ್ಕೋಪ್‌ನಿಂದ ಇಳಿಸಿದ್ದು. ಹಾಡಿನಲ್ಲಿ ಚಿನ್ನದ ನಾಣ್ಯದ ಮಾತು ಬಂದರೆ ದೆವ್ವ ಸರಪಳಿಗೆ ಕಟ್ಟಿದ ನಾಣ್ಯ ಆಗುತ್ತದೆ, ಹೆಂಡದ ಮಾತು ಬಂದರೆ ಬಾಟಲಿ ಆಗುತ್ತದೆ. ಆಕಾರ ಚಿತ್ರಗಾರನ ತಲೆಯಿಂದ ಬಂತು, ಹೆಜ್ಜೆಯ ತೂಕ ಗಾಯಕನ ಕಾಲಿನಿಂದ. ರೋಲಂಡ್ ಕ್ರ್ಯಾಂಡಲ್ ಎಂಬಾತ ಈ ಚಿತ್ರವನ್ನು ಬಹುಮಟ್ಟಿಗೆ ಒಬ್ಬನೇ ಕೂತು ಬಿಡಿಸಿದ. ಟ್ರೇಸಿಂಗ್ ಯಾವಾಗ ಕಳ್ಳತನ, ಯಾವಾಗ ಕಲೆ ಎಂದು ನೀವು ಕೇಳಿದರೆ ನಾನು ತೋರಿಸುವುದು ಈ ದೆವ್ವವನ್ನೇ.

1934ಕ್ಕೆ ಟಾಕೀಸಿನಲ್ಲಿ ಕೊಕೊನ ಕತೆ ಮುಗಿಯಿತು. ಅಣ್ಣತಮ್ಮಂದಿರ ಕತೆಯೂ ಚೆನ್ನಾಗಿ ಮುಗಿಯಲಿಲ್ಲ. 1940ರ ಹೊತ್ತಿಗೆ ಮ್ಯಾಕ್ಸ್ ಮತ್ತು ಡೇವ್ ಮಾತು ಬಿಟ್ಟಿದ್ದರು. ಒಂದೇ ಸ್ಟುಡಿಯೋದಲ್ಲಿದ್ದರೂ ಚೀಟಿ ಬರೆದು ವ್ಯವಹಾರ. ಸ್ವಲ್ಪ ದಿನಕ್ಕೆ ಸ್ಟುಡಿಯೋನೂ ಕೈಬಿಟ್ಟಿತು. ತಮ್ಮನ ಕುಣಿತವನ್ನು ಹಾಳೆ ಹಾಳೆಯಾಗಿ ಎತ್ತಿಕೊಂಡಿದ್ದ ಅಣ್ಣ ಅಲ್ವಾ ಇವನು ಅನ್ನಿಸುತ್ತದೆ.

ಯಂತ್ರ ಮಾತ್ರ ಬದುಕಿತು. ನಿಮ್ಮ ಮೊಮ್ಮಗ ಚಿಕ್ಕವನಿದ್ದಾಗ ಕಂಪ್ಯೂಟರಿನಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ' ಆಡಿದ್ದರೆ ಕೇಳಿ ನೋಡಿ. 1989ರ ಆಟ. ಜೋರ್ಡನ್ ಮೆಕ್ನರ್ ಎಂಬ ಹುಡುಗ ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಜಿಗಿಸಿ ವಿಡಿಯೋ ತೆಗೆದು, ಒಂದೊಂದೇ ಚಿತ್ರದಿಂದ ರಾಜಕುಮಾರನ ಓಟ ಇಳಿಸಿದ. ಮತ್ತೆ ಅಣ್ಣ, ಮತ್ತೆ ತಮ್ಮ. ತಮ್ಮನ ಹೆಸರು ಡೇವಿಡ್!

ಈಗ ಮೊಮ್ಮಗನ ಕೆಲಸ. ಹಿನ್ನೆಲೆ ಬದಲಿಸಲೆಂದೇ ನಟನ ಹಿಂದೆ ಕಟ್ಟುವ ಹಸಿರು ಪರದೆ ಇಲ್ಲದೆ ತೆಗೆದ ದೃಶ್ಯದಲ್ಲಿ ನಟನನ್ನು ಹಿನ್ನೆಲೆಯಿಂದ ಬಿಡಿಸಬೇಕಾದರೆ ಅವನ ಅಂಚಿಗೆ ಗೆರೆ ಹಾಕಲೇಬೇಕು. ಸೆಕೆಂಡಿಗೆ 24 ಚಿತ್ರ, ಐದು ಸೆಕೆಂಡಿಗೆ 120. ಸಾಫ್ಟ್‌ವೇರ್ ಸ್ವಲ್ಪ ಕೈಹಿಡಿಯುತ್ತದೆ, ಆದರೆ ಗಾಳಿಗೆ ಹಾರುವ ಕೂದಲ ಹತ್ತಿರ ಬಂದಾಗ ಕೈಬಿಡುತ್ತದೆ. ಆಗ ಬೇಕಾಗುವುದು ನೀವು ಕ್ಲಾಸಿನಲ್ಲಿ ಕಲಿಸುತ್ತಿದ್ದ ಕಣ್ಣೇ. ಸಿನಿಮಾ ಮುಗಿದು ಈ ಹುಡುಗರ ಹೆಸರು ಓಡುವಾಗ ನಾವು ಎದ್ದು ಚಪ್ಪಲಿ ಹುಡುಕುತ್ತಿರುತ್ತೇವೆ.

ಅವನು ಹಬ್ಬಕ್ಕೆ ಊರಿಗೆ ಬಂದಾಗ ಆ ದೆವ್ವದ ಹಾಡನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಲು ಹೇಳಿ. ನನ್ನ ತಪ್ಪು ಸಾಲಿನ ತಿದ್ದುಪಡಿ ಈ ಸಂಚಿಕೆಯಲ್ಲೇ ಇದೆ. ಹಳೆಯ ಸೊನ್ನೆಗಳ ವಿಷಯ ನೀವುಂಟು, ನಿಮ್ಮ ಹುಡುಗರುಂಟು. ನನಗೂ ಆರನೇ ಕ್ಲಾಸಿನಲ್ಲಿ ಇಂಥದೇ ಒಂದು ಬಿದ್ದಿತ್ತು, ದಕ್ಷಿಣ ಅಮೆರಿಕದ ಭೂಪಟಕ್ಕೆ.

— ಸಂಪಾದಕ