ಕಾಫಿ ಕಲೆ ಮತ್ತೆ ಎದ್ದಿದೆಯಾ? ಇನ್ನೊಂದು ಸಲ ಶಾಂಪೂ ಹಾಕಬೇಡಿ

ದಯವಿಟ್ಟು ಆ ಬ್ರಷ್ ಕೆಳಗಿಡಿ. ಕಾಫಿ ಚೆಲ್ಲಿದ ರಗ್‌ಗೆ ಶಾಂಪೂ ಹಾಕಿ ಉಜ್ಜಿದ್ದೀರಿ. ರಾತ್ರಿ ಕಲೆ ಹೋದ ಹಾಗಿತ್ತು, ಬೆಳಗ್ಗೆ ನೋಡಿದರೆ ಅದೇ ಜಾಗದಲ್ಲಿ ಇನ್ನೂ ದೊಡ್ಡ ಕಂದು ಉಂಗುರ. ಈಗ ಶಾಂಪೂ ಗಟ್ಟಿಯಾಗಿ ಕಲಸಿ ಇನ್ನೊಂದು ಸುತ್ತು ಉಜ್ಜಲಾ ಅಂತ ನಮ್ಮ ಗುಂಪಿನಲ್ಲಿ ಕೇಳಿದ್ದೀರಿ. ಜೊತೆಗೆ ಸೋಫಾ ಕುಶನ್ ಕವರ್ ಬಿಚ್ಚಿ ಮೆಷಿನ್‌ಗೆ ಹಾಕುವ ಯೋಚನೆ ಬೇರೆ. ಎರಡೂ ಬೇಡ. ಹೀಗೇ ಉಜ್ಜಿ ಉಜ್ಜಿ ಒಂದು ಒಳ್ಳೆ ರಗ್‌ನ ಎಳೆಗಳನ್ನೆಲ್ಲ ನಾರು ನಾರು ಮಾಡಿಕೊಂಡವಳು ನಾನು. ಅದಕ್ಕೇ ಸುಮ್ನಿರಲಾಗದೆ ಬರೆಯುತ್ತಿದ್ದೇನೆ.

ನಿಮ್ಮ ಕಲೆ ಎಲ್ಲೂ ಹೋಗಿರಲಿಲ್ಲ. ನೀವು ಸುರಿದ ನೀರಿನ ಜೊತೆ ಬುಡಕ್ಕೆ ಇಳಿದಿತ್ತು ಅಷ್ಟೇ. ರಗ್ ಒಣಗುವುದು ಎಳೆಯ ತುದಿಯಿಂದ. ತುದಿ ಒಣಗುತ್ತಾ ಬಂದ ಹಾಗೆ ಬುಡದ ನೀರು ಮೇಲಕ್ಕೆ ಹತ್ತುತ್ತದೆ, ಬತ್ತಿ ಎಣ್ಣೆ ಎಳೆದ ಹಾಗೆ. ಕಾಫಿ, ಹಳೆ ಧೂಳು, ಶಾಂಪೂ ಎಲ್ಲ ಜೊತೆಗೇ ಬಂದು ತುದಿಯಲ್ಲಿ ಕೂರುತ್ತವೆ. ರಗ್‌ನ ತಳ ಹತ್ತಿ ಅಥವಾ ಸೆಣಬಿನದಾಗಿದ್ದರೆ ಇನ್ನೊಂದು ತಾಪತ್ರಯ ಇದೆ. ಅವು ತುಂಬಾ ಹೊತ್ತು ಒದ್ದೆಯಾಗಿದ್ದರೆ ಆ ನಾರೇ ಕಂದು ಬಣ್ಣ ಬಿಡುತ್ತದೆ. ಬರೀ ನೀರು ಚೆಲ್ಲಿದರೂ ಕಂದು ಕಲೆ ಬರುವುದು ಇದರಿಂದಲೇ.

ಹಾಗಾಗಿ ಈಗ ಮಾಡಬೇಕಾದ್ದು ತೊಳೆಯುವ ಕೆಲಸ ಅಲ್ಲ, ಒಳಗಿರುವುದನ್ನು ಎಳೆದು ತೆಗೆಯುವ ಕೆಲಸ. ನಾನು ಮಾಡುವುದು ಹೀಗೆ. ಮೊದಲು ಬಣ್ಣ ಬಿಡುತ್ತದಾ ನೋಡಿಕೊಳ್ಳಿ. ಬಿಳಿ ಬಟ್ಟೆ ಒದ್ದೆ ಮಾಡಿ, ಮೂಲೆಯಲ್ಲಿ ಒಂದೊಂದು ಬಣ್ಣದ ಮೇಲೂ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಬಂತೋ, ಅಲ್ಲಿಗೆ ನಿಲ್ಲಿಸಿ, ತೊಳೆಯುವವರಿಗೆ ಕೊಡಿ. ಬರದಿದ್ದರೆ ರಗ್‌ನ ಕೆಳಗೆ ಹಳೆ ಟವೆಲ್ ಮಡಿಸಿ ಇಡಿ. ಇದನ್ನು ಯಾರೂ ಮಾಡುವುದಿಲ್ಲ! ಟವೆಲ್ ಇಲ್ಲದಿದ್ದರೆ ನೀರು ನೆಲಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ. ಆಮೇಲೆ ತಣ್ಣೀರಿಗೆ ಅದ್ದಿ ಚೆನ್ನಾಗಿ ಹಿಂಡಿದ ಬಿಳಿ ಹತ್ತಿ ಬಟ್ಟೆಯಿಂದ ಕಲೆಯ ಹೊರ ಅಂಚಿನಿಂದ ಒಳಗೆ ಒತ್ತುತ್ತಾ ಬನ್ನಿ. ಒತ್ತಬೇಕು, ಉಜ್ಜಬಾರದು. ಬಟ್ಟೆ ಕಂದಾದ ತಕ್ಷಣ ಮಡಿಕೆ ಬದಲಿಸಿ. ಅದಕ್ಕೆ ನೊರೆಯೂ ಬರುತ್ತಿದ್ದರೆ ಅದು ನಿಮ್ಮ ಮೊದಲ ಸುತ್ತಿನ ಶಾಂಪೂ, ಅದೂ ಪೂರ್ತಿ ಹೋಗಬೇಕು. ಒಳಗೆ ಉಳಿದ ಸೋಪು ಅಂಟಂಟಾಗಿ ಧೂಳು ಹಿಡಿಯುತ್ತದೆ. "ತೊಳೆದ ಜಾಗವೇ ಬೇಗ ಕೊಳೆಯಾಗುತ್ತೆ" ಅಂತ ಗುಂಪಿನಲ್ಲಿ ಎಲ್ಲರೂ ಗೋಳಾಡುವುದು ಇದಕ್ಕೇ.

ಬಟ್ಟೆ ಬೆಳ್ಳಗೆ ಬರತೊಡಗಿದ ಮೇಲೆ ಮುಖ್ಯ ಹಂತ. ಬಣ್ಣವಿಲ್ಲದ ಟಿಶ್ಯೂ ಅಥವಾ ಬಿಳಿ ಟವೆಲ್ ದಪ್ಪಗೆ ಮಡಿಸಿ ಕಲೆಯ ಮೇಲಿಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಪುಸ್ತಕಗಳ ಅಟ್ಟಿ. ಇಡೀ ರಾತ್ರಿ ಹಾಗೇ ಬಿಡಿ. ನೀರು ಮೇಲಕ್ಕೆ ಹತ್ತುವುದು ಹೇಗೂ ತಪ್ಪುವುದಿಲ್ಲ, ಹತ್ತಲಿ. ಆದರೆ ಕಲೆ ಎಳೆಯ ತುದಿಯಲ್ಲಿ ಕೂರುವ ಬದಲು ಟವೆಲ್‌ಗೆ ಹೋಗುತ್ತದೆ. ಬೆಳಗ್ಗೆ ತೆಗೆದಾಗ ಟವೆಲ್‌ನಲ್ಲಿ ಕಂದು ಗುರುತು ಕಾಣುತ್ತದಲ್ಲ, ಆಗ ಆಗುವ ಖುಷಿಯೇ ಬೇರೆ. ಪೇಪರ್ ಮಾತ್ರ ಬೇಡ, ಮಸಿ ಅಂಟುತ್ತದೆ. ಬಣ್ಣದ ಟವೆಲ್ಲೂ ಬೇಡ. ಆಮೇಲೆ ರಗ್ ಎತ್ತಿ ಎರಡು ಕಡೆಯಿಂದಲೂ ಫ್ಯಾನ್ ಗಾಳಿ ಬೀಳುವ ಹಾಗೆ ಇಡಿ. ಮೇಲೆ ಒಣಗಿತು ಅಂದ ಮಾತ್ರಕ್ಕೆ ಹಾಸಬೇಡಿ. ಬುಡಕ್ಕೆ ಬೆರಳು ತೂರಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಒದ್ದೆ ಇದೆ ಅಂತ.

ಇಷ್ಟಾದ ಮೇಲೂ ತೆಳು ಕಂದು ಉಳಿದರೆ ಮಾತ್ರ ಬಿಳಿ ವಿನೆಗರ್. ಒಂದು ಲೋಟ ನೀರಿಗೆ ಒಂದೆರಡು ಚಮಚ, ಬಟ್ಟೆಯಲ್ಲಿ ಅದ್ದಿ ಒತ್ತುವುದು. ಹತ್ತಿ ತಳ ಬಿಟ್ಟ ಕಂದಿಗೆ ಇದು ಕೆಲಸ ಮಾಡುತ್ತದೆ. ಆದರೆ ಗುಂಪಿನಲ್ಲಿ ನಿಮಗೆ ಒಬ್ಬರು ಬೇಕಿಂಗ್ ಸೋಡಾ ಸುರಿದು ಅದರ ಮೇಲೆ ವಿನೆಗರ್ ಹಾಕಿ ಅಂದಿದ್ದಾರಲ್ಲ, ಅದು ನೋಡುವುದಕ್ಕೆ ಮಾತ್ರ ಚೆಂದ. ಹುಳಿ, ಕ್ಷಾರ ಒಂದನ್ನೊಂದು ತಿಂದುಹಾಕಿ ಕೊನೆಗೆ ಉಪ್ಪುಪ್ಪಿನ ನೀರು ಉಳಿಯುತ್ತದೆ. ಬುಸ್ ಅಂತ ಗುಳ್ಳೆ ಬಂದರೆ ಕ್ಲೀನ್ ಆಯಿತು ಅಂತ ಅರ್ಥ ಅಲ್ಲ. ಬರೀ ಸೋಡಾ ಪುಡಿಯೂ ಉಣ್ಣೆ ರಗ್‌ಗೆ ನನಗಂತೂ ಇಷ್ಟವಿಲ್ಲ. ಬುಡದಲ್ಲಿ ಕೂತರೆ ಪೂರ್ತಿ ಬರುವುದಿಲ್ಲ, ವ್ಯಾಕ್ಯೂಮ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಈಗ ಒಂದು ದೊಡ್ಡ ಆದರೆ. ನಿಮ್ಮ ರಗ್ ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ, ರೇಷ್ಮೆ ಥರ ಹೊಳೆಯುವ ನೂಲು) ಆಗಿದ್ದರೆ ಮೇಲೆ ಹೇಳಿದ ಯಾವುದನ್ನೂ ಮಾಡಬೇಡಿ. ಚೆಲ್ಲಿದ್ದನ್ನು ಒಣ ಬಟ್ಟೆಯಿಂದ ಹೀರಿಸಿ ಸುಮ್ಮನಾಗಿ. ಆರ್ಟ್ ಸಿಲ್ಕ್, ಬ್ಯಾಂಬೂ ಸಿಲ್ಕ್ ಅಂತ ಮಾರುವುದೂ ಸಾಮಾನ್ಯವಾಗಿ ಇದೇ. ಒದ್ದೆಯಾದರೆ ಎಳೆಯ ಬಲವೇ ಹೋಗುತ್ತದೆ, ಒಣಗಿದ ಮೇಲೆ ಆ ಜಾಗ ಒರಟಾಗಿ, ಹಳದಿಯಾಗಿ ಕಾಣುತ್ತದೆ. ಗೊತ್ತಾಗದಿದ್ದರೆ ಅಂಚಿನಿಂದ ಒಂದೇ ಒಂದು ಎಳೆ ಕಿತ್ತು ಸಿಂಕ್ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೇಗ ಆರಿದರೆ ಉಣ್ಣೆ ಅಥವಾ ರೇಷ್ಮೆ. ಕಾಗದದ ಹಾಗೆ ಉರಿದು ಬೂದಿಯಾದರೆ ವಿಸ್ಕೋಸ್ ಅಥವಾ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್.

ಹಾಗೇ ರಗ್ ತಿರುಗಿಸಿ ಹಿಂಬದಿ ನೋಡಿ. ಮೇಲಿನ ಡಿಸೈನ್ ಹಿಂದೆಯೂ ಗಂಟು ಗಂಟಾಗಿ ಸ್ಪಷ್ಟವಾಗಿದ್ದರೆ ಕೈಯಲ್ಲಿ ಗಂಟು ಹಾಕಿದ್ದು, ಜೋಪಾನ ಮಾಡಿದರೆ ನಿಮಗಿಂತ ಜಾಸ್ತಿ ಬಾಳುತ್ತದೆ. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್, ಅಂದರೆ ಗಂಟು ಹಾಕದೆ ಎಳೆಗಳನ್ನು ಚುಚ್ಚಿ ಅಂಟಿನಲ್ಲಿ ಹಿಡಿಸಿದ್ದು. ಒಳಗೆ ಲೇಟೆಕ್ಸ್ ಅನ್ನುವ ರಬ್ಬರ್ ಅಂಟು ಇರುತ್ತದೆ, ವರ್ಷಗಳು ಕಳೆದಂತೆ ಪುಡಿಯಾಗಿ ಉದುರುತ್ತದೆ. ನೆನೆಸಿದರೆ ಪದರ ಬಿಡುತ್ತದೆ, ವಾಸನೆಯೂ ಬರುತ್ತದೆ. ಎರಡಕ್ಕೂ "ಹ್ಯಾಂಡ್‌ಮೇಡ್" ಅಂತಲೇ ಚೀಟಿ ಹಚ್ಚುತ್ತಾರೆ, ಮೋಸ ಹೋಗಬೇಡಿ. ಮಕ್ಕಳು, ನಾಯಿ ಇರುವ ಮನೆಗೆ ನಾನು ಹೇಳುವುದು ಉಣ್ಣೆ ಅಥವಾ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ನೂಲಿನದ್ದು, ನಡುವಿನ ನಯ ನಾಜೂಕಿನದ್ದು ಬೇಡವೇ ಬೇಡ. ಪಾಲಿಪ್ರೊಪಿಲೀನ್‌ಗೆ ನೀರಿನ ಕಲೆ ಹತ್ತುವುದಿಲ್ಲ, ಎಣ್ಣೆ ಮಾತ್ರ ಬಿಡುವುದಿಲ್ಲ.

ಕಲೆ ತೆಗೆಯುವ ವ್ಯಾನಿಶ್ ಆಕ್ಸಿ ಪುಡಿ ಬಟ್ಟೆಗೆ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಉಣ್ಣೆ, ರೇಷ್ಮೆಗೆ ಹಾಕಬೇಡಿ ಅಂತ ಡಬ್ಬಿ ಮೇಲೇ ಇರುತ್ತದೆ, ಓದುವವರು ಯಾರು? ಕಲೆ ಹತ್ತದಿರಲಿ ಅಂತ ಮೊದಲೇ ಹೊಡೆಯುವ ಸ್ಕಾಚ್‌ಗಾರ್ಡ್ ಥರದ ಸ್ಪ್ರೇಗಳು ಒರೆಸಲು ಸ್ವಲ್ಪ ಸಮಯ ಕೊಡುತ್ತವೆ, ಅಷ್ಟೇ. ಕಲೆಯ ಮೇಲೆ ನೀರು ಬಿಟ್ಟು ವಾಪಸ್ ಎಳೆದುಕೊಳ್ಳುವ ಬಿಸೆಲ್, ಕಾರ್ಚರ್‌ನ ಸಣ್ಣ ಸ್ಪಾಟ್ ಮೆಷಿನ್ ತಗೊಳ್ಳುವವರಿಗೆ ನನ್ನದೊಂದೇ ಮಾತು: ನೀರು ಬಿಡುವ ಗುಂಡಿ ಒಂದು ಸಲ ಒತ್ತಿದರೆ, ಬರೀ ಎಳೆಯುವುದನ್ನು ಮೂರು ನಾಲ್ಕು ಸಲ ಮಾಡಿ.

ಇನ್ನು ಸೋಫಾ. ಕುಶನ್‌ಗೆ ಜಿಪ್ ಇರುವುದು ಫೋಮ್ ತುಂಬಿಸಲು ಅನುಕೂಲ ಆಗಲಿ ಅಂತ. ಜಿಪ್ ಇದೆ ಅಂದರೆ ತೊಳೆಯಬಹುದು ಅಂತಲ್ಲ. ಕವರ್ ಸ್ವಲ್ಪ ಕುಗ್ಗಿದರೂ ಫೋಮ್ ಒಳಗೆ ಹೋಗುವುದಿಲ್ಲ. ಹೋದರೂ ಮೂಲೆಗಳು ಮುದುಡಿಕೊಳ್ಳುತ್ತವೆ, ತೊಳೆದದ್ದು ಒಂದು ಬಣ್ಣ, ಸೋಫಾ ಮೈ ಒಂದು ಬಣ್ಣ ಆಗುತ್ತದೆ. ಕುಶನ್ ಕೆಳಗಿನ ಟ್ಯಾಗ್ ನೋಡಿ. ಡಬ್ಲ್ಯೂ ಅಂದರೆ ನೀರಿನ ಕ್ಲೀನರ್ ಆಗುತ್ತದೆ. ಎಸ್ ಅಂದರೆ ನೀರು ಮುಟ್ಟಿಸಬೇಡಿ, ಸಾಲ್ವೆಂಟ್ (ನೀರಿಲ್ಲದ, ಡ್ರೈ ಕ್ಲೀನಿಂಗ್ ಥರದ ದ್ರವ) ಮಾತ್ರ. ಡಬ್ಲ್ಯೂಎಸ್ ಅಂದರೆ ಎರಡೂ ಆಗುತ್ತದೆ. ಎಕ್ಸ್ ಅಂದರೆ ವ್ಯಾಕ್ಯೂಮ್ ಮಾತ್ರ. ಡಬ್ಲ್ಯೂ ಇದ್ದರೂ ಅದು ಒತ್ತಿ ಒರೆಸಲು, ಮೆಷಿನ್‌ಗಲ್ಲ. ಮೆಷಿನ್‌ಗೆ ಹಾಕಬಹುದು ಅಂತ ಟ್ಯಾಗ್‌ನಲ್ಲಿ ಬೇರೆಯಾಗಿ ಇದ್ದರೆ ಮಾತ್ರ ಹಾಕಿ.

ಹೊಸ ಸೋಫಾ ನೋಡುತ್ತಿದ್ದೀನಿ ಅಂತಲೂ ಬರೆದಿದ್ದೀರಿ. ಬಟ್ಟೆಯ ಮಾರ್ಟಿಂಡೇಲ್ ಸಂಖ್ಯೆ, ಅಂದರೆ ಎಷ್ಟು ಸಲ ಉಜ್ಜಿದರೆ ಸವೆಯುತ್ತದೆ ಅನ್ನುವ ಲೆಕ್ಕ ಕೇಳಿ, ದಿನಾ ಬಳಸುವ ಸೋಫಾಗೆ 25,000ಕ್ಕಿಂತ ಮೇಲಿರಲಿ. ಸೀಟಿನ ಫೋಮ್ 32 ಡೆನ್ಸಿಟಿಗಿಂತ (ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ಅನ್ನುವ ಲೆಕ್ಕ) ಕಮ್ಮಿ ಬೇಡ. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಅಂಗಡಿಯಲ್ಲಿ ಕೂತು ಗಟ್ಟಿಯಾಗಿದೆ ಅಂತ ತಗೊಂಡ ಅಗ್ಗದ ಫೋಮೂ ಬೇಗ ಕುಳಿ ಬೀಳುತ್ತದೆ. ಮುಂದಿನ ಒಂದು ಕಾಲು ಅರ್ಧ ಅಡಿ ಎತ್ತಿ ನೋಡಿ, ಮುಂದಿನ ಇನ್ನೊಂದು ಕಾಲೂ ಏಳಬೇಕು. ಅದು ನೆಲ ಬಿಡದಿದ್ದರೆ ಫ್ರೇಮ್ ತಿರುಚಿಕೊಳ್ಳುತ್ತಿದೆ ಅಂತ. "ಲೆದರೆಟ್" (ಕೃತಕ ಚರ್ಮ), "ಬಾಂಡೆಡ್ ಲೆದರ್" (ಚರ್ಮದ ಚೂರುಗಳನ್ನು ಅಂಟಿಸಿ ಮಾಡಿದ್ದು) ಅಂದರೆ ನಾನು ಅಲ್ಲಿಂದಲೇ ವಾಪಸ್. ಸಿಪ್ಪೆ ಏಳಲು ಶುರುವಾದರೆ ರಿಪೇರಿಯೇ ಇಲ್ಲ.

ಸೋಫಾ ಕೆಳಗೆ ಸೇರಿರುವ ರಗ್ ಅಂಚನ್ನು ಆಗಾಗ ಎತ್ತಿ ವ್ಯಾಕ್ಯೂಮ್ ಮಾಡಿ, ಉಣ್ಣೆ ತಿನ್ನುವ ಹುಳಕ್ಕೆ ಕತ್ತಲೆ ಜಾಗವೇ ಬೇಕು. ಕುಚ್ಚಿನ ಮೇಲೆ ತಿರುಗುವ ಬ್ರಷ್ ಹಾಯಿಸಬೇಡಿ, ಸುತ್ತಿಕೊಂಡು ಕಿತ್ತುಬಿಡುತ್ತದೆ. ರಗ್ ಜಾರದಿರಲು ಅಡಿಗೆ ಹಾಕುವ ಪ್ಯಾಡ್ ಪಿವಿಸಿ ಆದರೆ ವಿನೈಲ್ ನೆಲಕ್ಕೂ ಪಾಲಿಶ್ ಮಾಡಿದ ಮರಕ್ಕೂ ಅಂಟಿಕೊಂಡು ಕಲೆ ಬಿಡಬಹುದು. ಮರದ ನೆಲಕ್ಕೆ ಫೆಲ್ಟ್ (ನಾರನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಪ್ಯಾಡ್ ನೋಡಿ.

ನಿಮ್ಮ ರಗ್‌ನ ಹಿಂಬದಿಯದ್ದೊಂದು, ಸೋಫಾ ಟ್ಯಾಗ್‌ದೊಂದು ಫೋಟೋ ಹಾಕಿ. ಅಲ್ಲಿವರೆಗೂ ಏನೂ ಸುರಿಯಬೇಡಿ.