ಅವರ ಕೈಗಳನ್ನೇ ನೋಡಿ

‘ನಾರ್ತ್ ಆ್ಯಂಡ್ ಸೌತ್’ನಲ್ಲಿ ಇಂಗ್ಲೆಂಡಿನ ದಕ್ಷಿಣದಿಂದ ಉತ್ತರದ ಗಿರಣಿ ಊರಿಗೆ ಬಂದ ಮಾರ್ಗರೆಟ್, ಅಲ್ಲಿನ ಗಿರಣಿ ಮಾಲೀಕ ಥಾರ್ನ್‌ಟನ್ ಇಬ್ಬರೂ ಬಹುಪಾಲು ವಾದ ಮಾಡುತ್ತಲೇ ಇರುತ್ತಾರೆ, ಆದರೂ ಕೊನೆಯ ರೈಲು ನಿಲ್ದಾಣದ ದೃಶ್ಯ ನೋಡಿದರೆ ಗಂಟಲು ಕಟ್ಟುವುದು ಯಾಕೆ ಅಂತ ಕೇಳಿದ್ದೀರಿ. ನನ್ನ ಉತ್ತರ: ಅವರ ಕೈಗಳು.

2004ರ ಈ ಬಿಬಿಸಿ ಧಾರಾವಾಹಿ ಇರುವುದೇ ನಾಲ್ಕು ಕಂತು. ಮೊದಲ ಕಂತಿನಲ್ಲಿ ಥಾರ್ನ್‌ಟನ್ ಅವಳ ಮನೆಗೆ ಚಹಾಕ್ಕೆ ಬರುತ್ತಾನೆ. ಅವಳು ಕಪ್ ಕೊಡುವಾಗ ಬೆರಳಿಗೆ ಬೆರಳು ತಾಗುತ್ತದೆ, ಅಷ್ಟೇ. ಕ್ಯಾಮೆರಾ ಮಾತ್ರ ಅದನ್ನು ಬಿಡುವುದಿಲ್ಲ. ಹೊರಡುವಾಗ ಅವನು ಕೈ ಚಾಚುತ್ತಾನೆ, ಅವಳು ಹಿಡಿಯುವುದಿಲ್ಲ. ಆ ಒಂದು ಕ್ಷಣದಲ್ಲಿ ಆ ಪಾತ್ರ ಮಾಡಿದ ರಿಚರ್ಡ್ ಆರ್ಮಿಟೇಜ್ ಮುಖದಲ್ಲಿ ಮೂಡುವ ನೋವನ್ನು ನಾನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೋ! ಮುಂದೆ ಅವನ ಮನೆಯ ಔತಣದಲ್ಲಿ ಅವಳು ಕೈ ಕುಲುಕುತ್ತಾಳೆ. ಆ ಊರಿನ ರೀತಿ ಕಲಿಯುತ್ತಿದ್ದೇನೆ ಅನ್ನುತ್ತಾಳೆ. ಮುಷ್ಕರದ ಗಲಭೆ, ನಿರಾಕರಿಸಿದ ಮದುವೆ ಪ್ರಸ್ತಾಪ ಎಲ್ಲ ಆಮೇಲಿನ ಮಾತು.

ಈಗ ನಿಲ್ದಾಣಕ್ಕೆ ಬನ್ನಿ. ಅವಳು ಆಡುತ್ತಿರುವುದು ಅವನ ಗಿರಣಿಗೆ ಹಣ ಹೂಡುವ ವ್ಯವಹಾರದ ಮಾತು, ದನಿ ಮಾತ್ರ ತಡವರಿಸುತ್ತದೆ. ಅವನು ಅವಳ ಕೈ ಹಿಡಿಯುತ್ತಾನೆ. ಅವಳೇ ಬಾಗಿ ಅವನ ಕೈಗೆ ಮುತ್ತಿಡುತ್ತಾಳೆ. ಅಂದು ಹಿಡಿಯದೆ ಬಿಟ್ಟ ಅದೇ ಕೈ!

ಆಮೇಲೆ ಇಬ್ಬರೂ ನಿಲ್ದಾಣದಲ್ಲೇ ಚುಂಬಿಸುತ್ತಾರೆ. ಕಥೆ ನಡೆಯುವ ಹತ್ತೊಂಬತ್ತನೇ ಶತಮಾನದಲ್ಲಿ ಜನರೆದುರು ಹಾಗೆ ಚುಂಬಿಸುತ್ತಿರಲಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಅಷ್ಟು ಹೊತ್ತು ತಡೆದಿಟ್ಟ ಮೇಲೆ ಆ ಸಲಿಗೆ ನನಗೆ ಸಹಜವಾಗಿಯೇ ಕಂಡಿತು. ಮೊದಲ ಕಂತನ್ನು ಇನ್ನೊಮ್ಮೆ ನೋಡಿ, ಚಹಾದ ದೃಶ್ಯದಲ್ಲಿ ಧ್ವನಿ ತೆಗೆದುಬಿಡಿ.