ಕರಾಟೆ ಕಲಿತಿದ್ದರೆ ಚಾಕು ತೋರಿಸುವ ಕಳ್ಳನನ್ನು ಎದುರಿಸಬಹುದಾ?

ಬೇಡ. ಫೋನು, ಪರ್ಸು ಕೊಟ್ಟುಬಿಡಿ, ದಾರಿ ಸಿಕ್ಕ ಕೂಡಲೇ ಓಡಿ.

ಕರಾಟೆ ದಂಡ ಅಂತಲ್ಲ, ಸಮಯ ಸಾಲುವುದಿಲ್ಲ. ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲೇ ಇದನ್ನು ಬರೆದಿದ್ದರು: ಚಾಕು ಹಿಡಿದವನು 21 ಅಡಿ ಓಡಿ ಬರಲು ಸುಮಾರು ಒಂದೂವರೆ ಸೆಕೆಂಡು ಸಾಕು. ಕಳ್ಳ ನಿಂತಿರುವುದು ಎರಡು ಮೂರು ಅಡಿಯಲ್ಲಿ ಅಲ್ವಾ? ಕಣ್ಣು ನೋಡಿ, ಮೆದುಳಿಗೆ ತಿಳಿದು, ಕೈ ಏಳುವಷ್ಟರಲ್ಲಿ ಚಾಕು ತಾಗಿರುತ್ತದೆ. ಕ್ಲಾಸಿನಲ್ಲಾದರೆ ಜೊತೆಗಾರ ಒಂದೇ ಸಲ ಚುಚ್ಚಿದಂತೆ ಮಾಡಿ, ಕೈ ಚಾಚಿಕೊಂಡು ಸುಮ್ನೆ ನಿಲ್ಲುತ್ತಾನೆ, ಪಾಪ. ಬೀದಿಯವನು ಕೈ ಹಿಂದಕ್ಕೆಳೆದು ಮತ್ತೆ ಮತ್ತೆ ಚುಚ್ಚುತ್ತಾನೆ.

ಅಭ್ಯಾಸದಿಂದ ಬರುವ ದಮ್ಮು ಓಡುವುದಕ್ಕೆ ಬೇಕೇ ಬೇಕು. ಕಲಿತ ಪೆಟ್ಟುಗಳನ್ನು ಮಾತ್ರ, ಅವನು ನಿಮ್ಮನ್ನೇ ಗಾಡಿಗೆ ಎಳೆಯಲು ಬಂದರೆ ಬಳಸಿ.